ದುಡ್ಡು ಕೊಟ್ಟರೆ ಸಾಕಾ?

ಹಲವು ದೇಶ ಸೇರಿ ಯುದ್ಧಕ್ಕೆ ಹೋದ್ರೆ ಖರ್ಚು ಯಾರದು, ಪ್ರಾಣ ಯಾರದು? ನಾನು ಇವತ್ತು ಹೇಳೋದು 1991ರ ಕೊಲ್ಲಿ ಯುದ್ಧದ ಕಥೆ.

ಇರಾಕ್ ಹಿಡಿತದಿಂದ ಕುವೈತ್ ಬಿಡಿಸಲು ಹೋದ ಸೈನಿಕರಲ್ಲಿ ಹೆಚ್ಚಿನವರು ಅಮೆರಿಕದವರು. ಆದರೆ ಅಮೆರಿಕಕ್ಕೆ ಬಂದ ಸುಮಾರು 61 ಬಿಲಿಯನ್ ಡಾಲರ್ ಖರ್ಚಿನಲ್ಲಿ 54 ಬಿಲಿಯನ್‌ನಷ್ಟು ಕೊಟ್ಟಿದ್ದು ಮಿತ್ರ ದೇಶಗಳು. ದೊಡ್ಡ ಪಾಲು ಸೌದಿ, ಕುವೈತ್‌ದು. ಜಪಾನ್ ಯುದ್ಧಕ್ಕಾಗಿ 13 ಬಿಲಿಯನ್ ಕೊಟ್ಟಿತು. ಸಂವಿಧಾನದ ನಿರ್ಬಂಧದಿಂದ ಸೈನಿಕರನ್ನ ಮಾತ್ರ ಕಳಿಸಲಿಲ್ಲ.

ಯುದ್ಧ ಮುಗಿದ ಮೇಲೆ ಕುವೈತ್ ಅಮೆರಿಕದ ಪತ್ರಿಕೆಯಲ್ಲಿ ಧನ್ಯವಾದದ ಜಾಹೀರಾತು ಹಾಕಿಸ್ತು. ಅದರಲ್ಲಿ ಜಪಾನ್ ಹೆಸರೇ ಇಲ್ಲ! ಆ ನೋವು ಜಪಾನ್ ಮರೆಯಲಿಲ್ಲ. ಅದೇ ವರ್ಷ ಕೊಲ್ಲಿಗೆ ಮೈನ್ ತೆಗೆಯೋ ಹಡಗು ಕಳಿಸ್ತು. 1992ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಸೈನಿಕರನ್ನ ಕಳಿಸಲು ಕಾನೂನನ್ನೇ ಮಾಡಿತು.

ನನಗನ್ನಿಸೋದು ಇಷ್ಟೇ: ದುಡ್ಡೂ ಪಾಲೇ. ಆದ್ರೆ ಜನ ನೆನಪಿಡೋದು ಯಾರ ಮಕ್ಕಳು ಹೋಗಿದ್ರು ಅನ್ನೋದನ್ನ. ಇದು ನ್ಯಾಯನಾ? ಯೋಚನೆ ಮಾಡಿ.