ಹಂಚಿಕೆ ಎಂಬ ತೀರ್ಪು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಭಾಷೆಯ ಆಧಾರದಲ್ಲಿ ವಿಭಜನೆಗೊಂಡಾಗ, ಅದುವರೆಗೆ ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ್ ಮತ್ತು ಜಹೀರಾಬಾದಿನ ಬಹುಭಾಗ, ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಗಡಿ ಸರಿದರೂ ನೆಲದ ಗುಣವಾಗಲಿ ಊಟದ ರೂಢಿಯಾಗಲಿ ಬದಲಾಗಲಿಲ್ಲ. ತೊಗರಿಗೂ ಹಾಸುಗಲ್ಲಿಗೂ ಹೆಸರಾದ ತಾಂಡೂರು, ಯಾಲಾಲ್ ಸೀಮೆಯ ಕಾಗಿಣಾ ನದಿ ಇಂದಿಗೂ ಮಳಖೇಡದ ಮಗ್ಗುಲಲ್ಲಿ ಹರಿದು ಭೀಮೆಯನ್ನು ಕೂಡುತ್ತದೆ. ಕನ್ನಡ, ತೆಲುಗು, ಉರ್ದು ಬೆರೆತ ಸಂತೆಮಾತಿನ ಈ ಊರುಗಳಲ್ಲಿ ಜೋಳದ ರೊಟ್ಟಿಯೇ ಬಹುಕಾಲ ಬಡವರ ಊಟವಾಗಿತ್ತು. ಆ ಊಟದ ನೆಲೆ ಅಲುಗಾಡಿದ್ದು, ಬಡವರಿಗೆ ಒಳಿತು ಮಾಡಲೆಂದೇ ಬಂದ ಒಂದು ಯೋಜನೆಯಿಂದ. 1983ರಲ್ಲಿ ಅಧಿಕಾರಕ್ಕೆ ಬಂದ ಎನ್.ಟಿ. ರಾಮರಾವ್ ಸರ್ಕಾರವು ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಹಂಚತೊಡಗಿದ ಮೇಲೆ, ಮಳೆಯನ್ನೇ ನಂಬಿದ ತುಂಡು ಹೊಲಗಳಲ್ಲಿ ಜೋಳ ಬಿತ್ತುವುದು ದುಬಾರಿಯೆನಿಸಿತು. ಹೊಲಗಳು ಬೀಳುಬಿದ್ದವು, ಅವುಗಳಿಂದ ಸಿಗುತ್ತಿದ್ದ ಕೂಲಿಯೂ ದನದ ಮೇವೂ ಇಲ್ಲವಾದವು.

ಹಸಿದವರಿಗೆ ಧಾನ್ಯ ಕೊಡುವುದು ಒಳ್ಳೆಯ ಕೆಲಸವೇ ಸರಿ. ಆದರೆ ಯಾವ ಧಾನ್ಯವನ್ನು, ಯಾರಿಗೆ, ಎಷ್ಟು ಕೊಡಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ದಾನದ ಮಾತು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಈ ಪ್ರಶ್ನೆಯನ್ನು ಬಹು ಹಿಂದೆಯೇ ಕಾನೂನಿನ ಪ್ರಶ್ನೆಯಾಗಿ ಎತ್ತಿಕೊಂಡವರು ಯಹೂದಿ ಪಂಡಿತರು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ‘ಮಿಷ್ನಾ’ ಎಂಬ ಧರ್ಮಶಾಸ್ತ್ರ ಸಂಹಿತೆಯಲ್ಲಿ ‘ಪೇಆ’ ಎಂಬ ಒಂದು ಭಾಗವಿದೆ; ಹೊಲದ ಅಂಚಿನ ಬೆಳೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕು, ಕೊಯ್ಲಿನಲ್ಲಿ ಉದುರಿದ ತೆನೆ, ಮರೆತುಬಿಟ್ಟ ಸಿವುಡು ಅವರಿಗೇ ಸೇರಬೇಕು ಎಂಬ ವಿಧಿಗಳನ್ನು ಅದು ವಿವರಿಸುತ್ತದೆ. ‘ಕುಪ್ಪಾ’ ಎಂಬ ಊರಿನ ಸಾಮುದಾಯಿಕ ನಿಧಿಯ ನಿಯಮವೂ ಅಲ್ಲಿಯೇ ಇದೆ: ನಿಧಿಯನ್ನು ಇಬ್ಬರು ಸೇರಿ ಸಂಗ್ರಹಿಸಬೇಕು, ಆದರೆ ಮೂವರು ಸೇರಿ ಹಂಚಬೇಕು. ಹಣಕಾಸಿನ ವ್ಯಾಜ್ಯ ತೀರ್ಮಾನಿಸಲು ಮೂವರು ನ್ಯಾಯಾಧೀಶರು ಬೇಕು; ಯಾರಿಗೆಷ್ಟು ಎಂದು ಹಂಚುವುದೂ ಅಂಥದೇ ತೀರ್ಪು ಎಂಬುದು ಇದಕ್ಕೆ ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ಟಾಲ್ಮಡ್ ಕೊಡುವ ಕಾರಣ. 14 ಊಟಗಳಿಗೆ ಸಾಕಾಗುವಷ್ಟು ಉಳ್ಳವನು, ಅಂದರೆ ದಿನಕ್ಕೆ ಎರಡು ಹೊತ್ತಿನಂತೆ ಒಂದು ವಾರದ ಅನ್ನವಿರುವವನು, ಕುಪ್ಪಾದಿಂದ ಪಡೆಯಬಾರದು ಎಂದು ಬಡತನದ ಗೆರೆಯನ್ನೂ ಆ ಸಂಹಿತೆ ಎಳೆದಿತ್ತು.

ಇವು ಗ್ರಂಥದಲ್ಲಷ್ಟೇ ಉಳಿದ ನಿಯಮಗಳಲ್ಲ. ಹಳೆಯ ಕೈರೋದ ಸಿನಗಾಗಿನ ‘ಗೆನೀಜಾ’, ಅಂದರೆ ಬಳಕೆ ತಪ್ಪಿದ ಬರಹಗಳನ್ನು ಎಸೆಯದೆ ಕೂಡಿಡುವ ಕೋಣೆ, ಉಳಿಸಿಕೊಟ್ಟ ಕಾಗದಗಳಲ್ಲಿ ರೊಟ್ಟಿ ಹಂಚಿಕೆಯ ಪಟ್ಟಿಗಳಿವೆ; ಮಂಗಳವಾರ ಮತ್ತು ಶುಕ್ರವಾರ ಯಾವ ಮನೆಗೆ ಎಷ್ಟು ರೊಟ್ಟಿ ಹೋಯಿತೆಂದು ಅವು ದಾಖಲಿಸುತ್ತವೆ. 1132ರಿಂದ 1149ರವರೆಗೆ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ದೊರೆತದ್ದೂ ಇದೇ ಕೋಣೆಯಲ್ಲಿ ಎಂಬುದನ್ನು ಕನ್ನಡ ಓದುಗರು ನೆನೆಯಬಹುದು.

ಇಂಥದೇ ಪಟ್ಟಿಯೊಂದು ಜಹೀರಾಬಾದ್ ಸುತ್ತಲಿನ ಹಳ್ಳಿಗಳಲ್ಲಿ ಕಾಗದದ ಮೇಲಲ್ಲ, ನೆಲದ ಮೇಲೆ ಸಿದ್ಧವಾಯಿತು. 1983ರಲ್ಲಿಯೇ ಪಸ್ತಾಪುರ ಗ್ರಾಮವನ್ನು ನೆಲೆಯಾಗಿಸಿಕೊಂಡು ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸ್ಥಾಪಕರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು, 2023ರ ಮಾರ್ಚ್ 19ರಂದು ತೀರಿಕೊಳ್ಳುವವರೆಗೂ ಈ ಕೆಲಸದಲ್ಲೇ ಇದ್ದರು. ಸೊಸೈಟಿಯ ತಳಹದಿ ಹಳ್ಳಿಹಳ್ಳಿಯ ಮಹಿಳಾ ಸಂಘಗಳು. ಸದಸ್ಯೆಯರಲ್ಲಿ ಬಹುಪಾಲು ದಲಿತರು, ಅಕ್ಷರ ಕಲಿಯುವ ಅವಕಾಶ ಸಿಗದವರು. 1990ರ ದಶಕದ ನಡುವಿನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನಿಂದ ಇವರು ಪರ್ಯಾಯ ಪಡಿತರ ವ್ಯವಸ್ಥೆಯೊಂದನ್ನು ಕಟ್ಟಿದರು. ಬೀಳುಬಿದ್ದ ಹೊಲದ ಒಡೆಯರಿಗೆ ಉಳುಮೆ, ಗೊಬ್ಬರ, ಬಿತ್ತನೆಗೆ ಸಾಲ ಕೊಟ್ಟು, ಆ ಸಾಲವನ್ನು ಹಣದ ಬದಲು ಜೋಳವಾಗಿ ಹಿಂದಕ್ಕೆ ಪಡೆದು, ಊರಿನಲ್ಲಿಯೇ ಶೇಖರಿಸಿ, ಕೂಲಿ ಸಿಗದ ತಿಂಗಳುಗಳಲ್ಲಿ ಬಡ ಮನೆಗಳಿಗೆ ಅಗ್ಗದ ಬೆಲೆಗೆ ಮಾರುವ ಏರ್ಪಾಡು ಅದು. ಮೂವತ್ತರಷ್ಟು ಹಳ್ಳಿಗಳಲ್ಲಿ 2,500 ಎಕರೆಗೂ ಹೆಚ್ಚು ನೆಲ ಹೀಗೆ ಮತ್ತೆ ಬೆಳೆ ಕಂಡಿತು.

ಈ ಏರ್ಪಾಡಿನ ಜೀವಾಳವಿದ್ದದ್ದು ಹಂಚಿಕೆಯ ಕ್ರಮದಲ್ಲಿ. ಊರಿನವರು ಸೇರಿ ರಂಗೋಲಿ ಪುಡಿಯಿಂದ ನೆಲದ ಮೇಲೆ ಊರಿನ ನಕ್ಷೆ ಬಿಡಿಸುತ್ತಿದ್ದರು; ಪ್ರತಿ ಮನೆಯನ್ನೂ ಗುರುತಿಸಿ, ಆ ಮನೆಗೆ ಹೊಲವೆಷ್ಟು, ಎತ್ತುಗಳಿವೆಯೇ, ದುಡಿಯುವ ಕೈಗಳೆಷ್ಟು, ಗಂಡನಿಲ್ಲದ ಹೆಂಗಸು ಒಬ್ಬಳೇ ನಡೆಸುತ್ತಿರುವ ಸಂಸಾರವೇ, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದಾರೆಯೇ ಎಂಬಂಥ ಅಳತೆಗೋಲುಗಳನ್ನಿಟ್ಟು ಬಡತನದ ದರ್ಜೆಗಳನ್ನು ಎಲ್ಲರೆದುರು ನಿಗದಿಮಾಡುತ್ತಿದ್ದರು. ಕಡುಬಡವರಿಗೆ ಹೆಚ್ಚು ಜೋಳ, ಅವರಿಗಿಂತ ಒಂದಿಷ್ಟು ಮೇಲಿದ್ದವರಿಗೆ ಕಡಿಮೆ. ಪಡಿತರ ಚೀಟಿ ಯಾರ ಕೈಗೆ ಹೇಗೆ ಹೋಗುತ್ತದೆಂಬುದನ್ನು ಬಲ್ಲ ಯಾರಿಗಾದರೂ ಈ ಬಹಿರಂಗ ಎಣಿಕೆಯ ಬೆಲೆ ತಿಳಿಯುತ್ತದೆ: ನಕ್ಷೆಯ ಸುತ್ತ ಕುಳಿತ ನೆರೆಹೊರೆಯವರ ಮುಂದೆ ಸಿರಿವಂತನು ಬಡವನೆಂದು ಬರೆಸಿಕೊಳ್ಳುವುದು ಸುಲಭವಲ್ಲ.

ಮಿಷ್ನಾ ಹೇಳುವ ಮೂವರು ಹಂಚಿಕೆದಾರರಿಗೂ ಈ ಹೆಂಗಸರಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಅವರು ಸಮುದಾಯದ ವಿಶ್ವಾಸ ಗಳಿಸಿದ ಗಣ್ಯ ಪುರುಷರು, ತೀರ್ಪು ನೀಡುವವರು ಬೇರೆ, ಪಡೆಯುವವರು ಬೇರೆ. ಇಲ್ಲಿ ಪಡೆಯುವವರ ಸಾಲಿನಲ್ಲಿದ್ದವರೇ ನ್ಯಾಯಪೀಠದಲ್ಲಿ ಕುಳಿತರು. 12ನೆಯ ಶತಮಾನದ ಯಹೂದಿ ತತ್ತ್ವಜ್ಞಾನಿ ಮೈಮೊನಿಡೀಸ್ ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿ, ಸಾಲ, ಪಾಲುದಾರಿಕೆ ಅಥವಾ ಉದ್ಯೋಗದ ಮೂಲಕ ಮತ್ತೆ ಕೈಚಾಚದಂತೆ ಒಬ್ಬನನ್ನು ನಿಲ್ಲಿಸುವುದನ್ನು ತುದಿಯ ಮೆಟ್ಟಿಲೆಂದ. ಜೋಳದ ಸಾಲ ಆ ಮೆಟ್ಟಿಲಿನದೇ, ಆದರೆ ಆ ಎಂಟೂ ಮೆಟ್ಟಿಲುಗಳಲ್ಲಿ ಮಾತು ಕೊಡುವವನ ಕಡೆಯಿಂದಲೇ ಹೊರಡುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಕಲಿಕೆ ದೊಡ್ಡದೋ ಕ್ರಿಯೆ ದೊಡ್ಡದೋ ಎಂಬ ಚರ್ಚೆಯೊಂದು ಟಾಲ್ಮಡ್‌ನಲ್ಲಿ ಬರುತ್ತದೆ. ರಬ್ಬಿ ತರ್ಫೋನ್ ಕ್ರಿಯೆಯ ಪರ, ರಬ್ಬಿ ಅಕೀವ ಕಲಿಕೆಯ ಪರ; ಕೊನೆಗೆ, ಕ್ರಿಯೆಗೆ ಕರೆದೊಯ್ಯುವುದರಿಂದ ಕಲಿಕೆಯೇ ದೊಡ್ಡದೆಂದು ಸಭೆ ಒಪ್ಪುತ್ತದೆ. ಇಬ್ಬಿಬ್ಬರು ಎದುರುಬದುರು ಕುಳಿತು ಗ್ರಂಥದ ಒಂದೊಂದು ಸಾಲಿಗೂ ವಾದಿಸುತ್ತ ಓದುವ ‘ಹೆವ್ರೂತಾ’ ಎಂಬ ಪದ್ಧತಿಯನ್ನು ಅಮೆರಿಕದ ಯಹೂದಿ ಸಂಘಟನೆಗಳು ಇತ್ತೀಚಿನ ದಶಕಗಳಲ್ಲಿ ವಸತಿ, ಕೂಲಿ, ವಲಸೆಯ ಪ್ರಶ್ನೆಗಳಿಗೆ ತಿರುಗಿಸಿವೆ. 1965ರಲ್ಲಿ ಕಪ್ಪುಜನರ ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾದ ಮೆರವಣಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ರೊಂದಿಗೆ ಹೆಜ್ಜೆ ಹಾಕಿದ ರಬ್ಬಿ ಅಬ್ರಹಾಂ ಜೋಶುವಾ ಹೆಷೆಲ್ ಪ್ರವಾದಿಗಳ ಕುರಿತ ಗ್ರಂಥವನ್ನು ಅದಕ್ಕೆ ಮೊದಲೇ ಬರೆದಿದ್ದರು. 1985ರಲ್ಲಿ ಸ್ಥಾಪಿತವಾದ ಅಮೆರಿಕನ್ ಜ್ಯೂಯಿಷ್ ವರ್ಲ್ಡ್ ಸರ್ವಿಸ್ ಭಾರತವೂ ಸೇರಿದಂತೆ ಹಲವು ದೇಶಗಳ ಹಕ್ಕು ಹೋರಾಟಗಳಿಗೆ ನೆರವಾಗುತ್ತದೆ. ಅಲ್ಲಿ ಗ್ರಂಥದಿಂದ ಬೀದಿಗೆ ದಾರಿ.

ಜಹೀರಾಬಾದಿನಲ್ಲಿ ದಾರಿ ತಿರುವುಮುರುವು. ಇಲ್ಲಿ ಹೊಲದ ಕೆಲಸ ಮೊದಲು ಬಂದಿತು, ಅದನ್ನು ಕಾಪಾಡಿಕೊಳ್ಳಲು ಕಲಿಕೆಯ ಸಂಸ್ಥೆಗಳು ಬೇಕಾದವು. 1993ರಲ್ಲಿ ಮಾಚನೂರಿನಲ್ಲಿ ತೆರೆದ ‘ಪಚ್ಚಸಾಲೆ’, ಅಂದರೆ ಹಸಿರು ಶಾಲೆ, ದುಡಿಮೆಗೆ ಬಿದ್ದಿದ್ದ ಮಕ್ಕಳಿಗೆ ಅಕ್ಷರದ ಜೊತೆ ಕಸುಬನ್ನೂ ಕಲಿಸಿತು. 2001ರಲ್ಲಿ ಹುಟ್ಟಿದ ಸಮುದಾಯ ಮಾಧ್ಯಮ ಟ್ರಸ್ಟ್‌ನ ಮಹಿಳೆಯರು ಕ್ಯಾಮೆರಾ ಹಿಡಿದು ವರಂಗಲ್ಲಿಗೆ ಹೋಗಿ ಬಿಟಿ ಹತ್ತಿ ಬೆಳೆದ ರೈತರ ಅನುಭವವನ್ನು ಚಿತ್ರೀಕರಿಸಿದರು. ಬಾನುಲಿಯ ಕಥೆ ಇನ್ನೂ ದೀರ್ಘ. ಯುನೆಸ್ಕೋ ನೆರವಿನಿಂದ 1990ರ ದಶಕದ ಕೊನೆಯಲ್ಲೇ ಸಜ್ಜಾದ ಸ್ಟುಡಿಯೋಗೆ ಪರವಾನಗಿ ಸಿಗದೆ, ಧ್ವನಿಮುದ್ರಿಸಿದ ಕ್ಯಾಸೆಟ್‌ಗಳನ್ನು ಸಂಘಗಳ ಸಭೆಗಳಲ್ಲಿ ಕೇಳಿಸಬೇಕಾಯಿತು. 2006ರ ನೀತಿ ಬದಲಾವಣೆಯ ನಂತರವೇ ಬಾಗಿಲು ತೆರೆದದ್ದು. 2008ರ ಅಕ್ಟೋಬರ್ 15ರಂದು 90.4 ಮೆಗಾಹರ್ಟ್ಸ್‌ನಲ್ಲಿ ಸಂಘಂ ರೇಡಿಯೋವನ್ನು ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್, ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸಾರಿದ ಸುಪ್ರೀಂ ಕೋರ್ಟಿನ 1995ರ ತೀರ್ಪನ್ನು ಬರೆದವರೂ ಅವರೇ. ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ ಎಂಬ ಇಬ್ಬರು ದಲಿತ ಮಹಿಳೆಯರು ನಡೆಸಿದ ಈ ಕೇಂದ್ರದಲ್ಲಿ ಬಿತ್ತನೆ, ಬೀಜ, ಹಬ್ಬದ ಹಾಡು, ಮನೆಮದ್ದುಗಳು ಆ ಸೀಮೆಯ ಆಡುಮಾತಿನಲ್ಲೇ ಪ್ರಸಾರವಾದವು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಸೊಸೈಟಿಗೆ ಈಕ್ವೇಟರ್ ಪ್ರಶಸ್ತಿ ನೀಡಿತು.

ಪ್ರಶಸ್ತಿಗಳಿಗಿಂತ ತೂಕದ ಮಾತು ನೀತಿಯದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿ, ಗೋಧಿಯ ಜೊತೆಗೆ ಒರಟು ಧಾನ್ಯಗಳನ್ನೂ ಕಿಲೋಗೆ 1 ರೂಪಾಯಿಯಂತೆ ಪಡಿತರದಲ್ಲಿ ಸೇರಿಸಿತು. ಸಿರಿಧಾನ್ಯಗಳಿಗಾಗಿ ದೇಶದ ಹಲವೆಡೆ ಎದ್ದ ಒತ್ತಾಯದಲ್ಲಿ ಈ ಸಂಘಗಳ ದನಿಯೂ ಇತ್ತು. ಆದರೆ ಊರೇ ಕೂತು ಬಡವರನ್ನು ಗುರುತಿಸುವ ಕ್ರಮವನ್ನು ಕಾಯ್ದೆ ತೆಗೆದುಕೊಳ್ಳಲಿಲ್ಲ. ಕಾಳು ಪಟ್ಟಿಗೆ ಬಂತು, ತೀರ್ಪಿನ ಅಧಿಕಾರ ಕಚೇರಿಯಲ್ಲೇ ಉಳಿಯಿತು. ಇದೇ ಅಧಿಕಾರದ ಪ್ರಶ್ನೆ ಈಗ ನೆಲದ ಕುರಿತು ಎದ್ದಿದೆ. ಜಹೀರಾಬಾದಿನ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ ಗೊತ್ತುಪಡಿಸಿರುವ ಸುಮಾರು 12,600 ಎಕರೆ ಇರುವುದು ನ್ಯಾಲಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ. ಸಂಘಂ ರೇಡಿಯೋದ ಮಾಚನೂರು ಝರಾಸಂಗಂ ಮಂಡಲಕ್ಕೇ ಸೇರಿದ ಊರು.