ಕಾರಿಗೆ ಇನ್ನೆರಡು ದೀಪ

ಕಾರಿನ ಮುಂಭಾಗಕ್ಕೆ ಹೆಡ್‌ಲೈಟ್ ಜೊತೆಗೆ ಹಾಕಿಸುವ ದೀಪಗಳಲ್ಲಿ ಎರಡು ಬಗೆ. ಫಾಗ್ ಲ್ಯಾಂಪ್ ಬಂಪರ್‌ನ ಕೆಳಗಡೆ ಕೂರುತ್ತದೆ. ಅದರ ಬೆಳಕು ಅಗಲ, ನೆಲಕ್ಕೆ ಹತ್ತಿರ. ಮೇಲಂಚು ಗೆರೆ ಎಳೆದಂತೆ ನಿಂತುಬಿಡುತ್ತದೆ. ಮೇಲಕ್ಕೆ ಹೋದ ಬೆಳಕು ಮಂಜಿನ ಹನಿಗಳಿಗೆ ತಾಗಿ ಚಾಲಕನ ಕಣ್ಣಿಗೇ ವಾಪಸು ಬರುತ್ತದಾದ್ದರಿಂದ ಈ ಏರ್ಪಾಡು. ಡ್ರೈವಿಂಗ್ ಲ್ಯಾಂಪ್‌ನದು ತದ್ವಿರುದ್ಧ ಸ್ವಭಾವ. ಅದರ ಬೆಳಕು ಕಿರಿದಾಗಿ, ಉದ್ದಕ್ಕೆ, ದೂರ ಹೋಗುತ್ತದೆ. ಅಂಗಡಿಗಳಲ್ಲಿ ಎರಡನ್ನೂ ‘ಫಾಗ್ ಲೈಟ್’ ಎಂದೇ ಕರೆದು ಮಾರುವುದುಂಟು. ಹೆಸರು ನಂಬುವುದಕ್ಕಿಂತ ಉರಿಸಿ ಗೋಡೆಯ ಮೇಲೆ ಬೆಳಕಿನ ಆಕಾರ ನೋಡುವುದು ಮೇಲು. ಇಲ್ಲಿ ಹೇಳುತ್ತಿರುವುದು ಡ್ರೈವಿಂಗ್ ಲ್ಯಾಂಪ್‌ನ ವಿಚಾರ.

ಅದು ಬೇಕೇ ಎಂಬುದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅಡ್ಡ ಬಂದ ಎಮ್ಮೆಯನ್ನು ಕಂಡು ಕಾಲು ಬ್ರೇಕ್ ಮೇಲೆ ಬೀಳಲು ಒಂದೂವರೆ ಸೆಕೆಂಡ್ ಹಿಡಿದರೂ 33 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೂ 40 ಮೀಟರ್ ಬೇಕು. ಡಿಪ್ ಮಾಡಿದ ಹೆಡ್‌ಲೈಟ್ ಅಷ್ಟು ದೂರವನ್ನು ಚೆನ್ನಾಗಿ ತೋರಿಸುವುದಿಲ್ಲ. ಎದುರು ವಾಹನ ಇಲ್ಲದ ಕತ್ತಲ ರಸ್ತೆಯಲ್ಲಿ ಹೈಬೀಮ್‌ಗೆ ಜೊತೆಯಾಗಿ ದೂರ ತೋರಿಸುವುದೇ ಈ ದೀಪದ ಕೆಲಸ. ಎದುರು ವಾಹನ ಕಂಡ ಕ್ಷಣ ಅದು ಆರಬೇಕು. ಉರಿಯುವುದಕ್ಕಿಂತ ಆರುವುದೇ ಈ ದೀಪಗಳ ವೈರಿಂಗ್‌ನಲ್ಲಿ ಮುಖ್ಯ.

ಡಿಪ್ ಮಾಡುವ ಬಗೆಯ ಮೇಲೆ ಒಂದು ದೊಡ್ಡ ರ್‍ಯಾಲಿಯ ಫಲಿತಾಂಶವೇ ತಿರುಗಿಬಿದ್ದದ್ದಿದೆ. 1966ರ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ಟಿಮೊ ಮ್ಯಾಕಿನೆನ್, ರೌನೊ ಆಲ್ಟೊನೆನ್, ಪ್ಯಾಡಿ ಹಾಪ್‌ಕರ್ಕ್ ಓಡಿಸಿದ ಪುಟ್ಟ ಮಿನಿ ಕೂಪರ್ ಕಾರುಗಳು ಮೊದಲ ಮೂರು ಸ್ಥಾನ ಹಿಡಿದವು. ಅವುಗಳ ಹೆಡ್‌ಲೈಟ್‌ಗಳಲ್ಲಿದ್ದದ್ದು ಆಗ ಹೊಸತಾಗಿದ್ದ ಹ್ಯಾಲೊಜೆನ್ ಬಲ್ಬ್. ಅದಕ್ಕೆ ಒಂದೇ ತಂತು, ಹೈಬೀಮ್ ಮಾತ್ರ. ಡಿಪ್ ಮಾಡಿದರೆ ಉರಿಯುತ್ತಿದ್ದದ್ದು ಕೆಳಗಿನ ಫಾಗ್ ಲ್ಯಾಂಪ್. ಇದು ನಿಯಮಕ್ಕೆ ಒಗ್ಗದು ಎಂದು ಮೂರೂ ಕಾರುಗಳನ್ನು ಅನರ್ಹಗೊಳಿಸಿದರು. ಗೆಲುವು ಸಿಟ್ರೊಯೆನ್ ಓಡಿಸಿದ ಪೌಲಿ ಟೊಯ್ವೊನೆನ್ ಪಾಲಾಯಿತು. ಅದು ನ್ಯಾಯವೋ ಅಲ್ಲವೋ ಎಂಬ ಜಗಳ ಬಹಳ ಕಾಲ ನಡೆಯಿತು. ಒಂದೇ ಬಲ್ಬಿನಲ್ಲಿ ಎರಡು ತಂತು ಇರುವ ಎಚ್4 ಬಂದದ್ದು 1971ರಲ್ಲಿ. ನಮ್ಮ ಬಹುಪಾಲು ಚಿಕ್ಕ ಕಾರುಗಳಲ್ಲಿ ಇವತ್ತಿಗೂ ಇರುವುದು ಅದೇ 60/55 ವ್ಯಾಟ್ ಬಲ್ಬ್.

ಹೊಸ ದೀಪಕ್ಕೆ ದುಡ್ಡು ಸುರಿಯುವ ಮೊದಲು ಇರುವ ಹೆಡ್‌ಲೈಟನ್ನು ನೋಡಬೇಕು. ಹಳದಿಗಟ್ಟಿದ ಪ್ಲಾಸ್ಟಿಕ್ ಕವಚ, ಕಪ್ಪಾದ ಬಲ್ಬ್, ನೆಲ ನೋಡುತ್ತಿರುವ ರಿಫ್ಲೆಕ್ಟರ್ ಸರಿಪಡಿಸಿದರೆ ಅರ್ಧ ಜನರಿಗೆ ಹೆಚ್ಚುವರಿ ದೀಪ ಬೇಕೆನಿಸುವುದೇ ಇಲ್ಲ. ಕಾನೂನಿನ ಮಾತೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮದ ಪ್ರಕಾರ, ವಾಹನದ ಮುಂದೆ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಹಾಕಲು ನೋಂದಣಿ ಅಧಿಕಾರಿಯ ಮುಂಗಡ ಒಪ್ಪಿಗೆ ಬೇಕು, ಅದೂ ವಿಶೇಷ ಸಂದರ್ಭದಲ್ಲಿ ಮಾತ್ರ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಖರೀದಿಗೆ ಇಳಿಯುವುದು ಒಳ್ಳೆಯದು. ಕಬ್ಬಿಣದ ಬುಲ್ ಬಾರ್ ಕಟ್ಟಿ ಅದರ ಮೇಲೆ ದೀಪ ಕೂರಿಸುವ ಹಳೆಯ ಪದ್ಧತಿಗೂ ಈಗ ಜಾಗವಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅವುಗಳ ವಿರುದ್ಧ ಕ್ರಮಕ್ಕೆ ಸೂಚಿಸಿದೆ.

ಚಿಕ್ಕ ಕಾರಿನಲ್ಲಿ ಜಾಗದ್ದೇ ತಾಪತ್ರಯ. ಗ್ರಿಲ್‌ಗೆ ಅಡ್ಡ ಇಟ್ಟರೆ ರೇಡಿಯೇಟರ್‌ಗೆ ಗಾಳಿ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಬಂಪರ್‌ಗೆ ನೇರವಾಗಿ ಬಿಗಿದರೆ ಬೆಳಕು ರಸ್ತೆಯ ಮೇಲೆ ನಡುಗುತ್ತದೆ, ತಂತು ಬೇಗ ಕಡಿಯುತ್ತದೆ. ಬಂಪರ್ ಹಿಂದಿನ ಉಕ್ಕಿನ ಪಟ್ಟಿಗೆ ಬ್ರಾಕೆಟ್ ಬಿಗಿದು, ದೀಪ ಹೆಡ್‌ಲೈಟ್‌ಗಿಂತ ಮೇಲೆ ಬಾರದಂತೆ, ಎರಡೂ ಒಂದೇ ಎತ್ತರದಲ್ಲಿ ಇರುವಂತೆ ಕೂರಿಸಬೇಕು.

ಇನ್ನು ವೈರಿಂಗ್. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. 55 ವ್ಯಾಟ್‌ನ ಎರಡು ಹ್ಯಾಲೊಜೆನ್ ದೀಪ ಎಂದರೆ 110 ವ್ಯಾಟ್. 12 ವೋಲ್ಟ್‌ನಲ್ಲಿ ಅದು 9 ಆಂಪಿಯರ್‌ಗೂ ಸ್ವಲ್ಪ ಹೆಚ್ಚು ಕರೆಂಟ್ ಎಳೆಯುತ್ತದೆ. ಇಷ್ಟನ್ನೂ ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕ, ಮುಕ್ಕಾಲು ಚದರ ಮಿ.ಮೀ. ದಪ್ಪದ ಐದು ಮೀಟರ್ ವೈರಿನಲ್ಲಿ ಸುತ್ತಿಸಿ ತಂದರೆ ದಾರಿಯಲ್ಲೇ ಸುಮಾರು ಒಂದು ವೋಲ್ಟ್ ಸೋರಿಹೋಗುತ್ತದೆ. ಒಂದು ವೋಲ್ಟ್ ತಾನೇ ಎನ್ನುವ ಹಾಗಿಲ್ಲ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜ್‌ಗಿಂತ ಬಹಳ ಬೇಗ ಕುಸಿಯುತ್ತದೆ. ಹದಿಮೂರೂವರೆಯಲ್ಲಿ ಒಂದು ವೋಲ್ಟ್ ಹೋದರೆ ಬೆಳಕಿನಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೋಗುತ್ತದೆ. ದಾರಿಯಲ್ಲಿ ಸೋರಿದ ಶಕ್ತಿ ವೈರನ್ನೂ ಸ್ವಿಚ್ಚನ್ನೂ ಬಿಸಿ ಮಾಡುತ್ತದೆ. ಎರಡೂವರೆ ಚದರ ಮಿ.ಮೀ. ವೈರನ್ನು ಬ್ಯಾಟರಿಯಿಂದ ಬಾನೆಟ್ ಒಳಗೇ ಎರಡು ಮೀಟರ್‌ನಲ್ಲಿ ಮುಗಿಸಿದರೆ ನಷ್ಟ ಒಂದು ವೋಲ್ಟಿನ ಏಳನೇ ಒಂದು ಭಾಗವೂ ಆಗದು.

ಈ ಹತ್ತಿರದ ದಾರಿಯನ್ನು ಸಾಧ್ಯವಾಗಿಸುವುದು ರಿಲೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಕಪ್ಪು ಡಬ್ಬಿಯೊಳಗೆ ಒಂದು ಸುರುಳಿ, ಒಂದು ಜೊತೆ ಸಂಪರ್ಕ ಬಿಂದುಗಳು. ಸುರುಳಿಗೆ ಆಂಪಿಯರ್‌ನ ಐದನೇ ಒಂದು ಭಾಗದಷ್ಟು ಕರೆಂಟ್ ಕೊಟ್ಟರೆ ಸಾಕು, ‘ಟಕ್’ ಎಂದು ಸಂಪರ್ಕ ಕೂಡಿಕೊಂಡು ದೊಡ್ಡ ಕರೆಂಟ್ ಹರಿಯುತ್ತದೆ. ಅಡಿಯಲ್ಲಿ ಕಾಲುಗಳ ಪಕ್ಕ ಸಂಖ್ಯೆ ಅಚ್ಚಾಗಿರುತ್ತದೆ. 30ಕ್ಕೆ ಬ್ಯಾಟರಿಯ ಪಾಸಿಟಿವ್, ಫ್ಯೂಸ್ ಮೂಲಕ. 87ರಿಂದ ದೀಪಗಳಿಗೆ. 86ಕ್ಕೆ ಸ್ವಿಚ್ಚಿನಿಂದ ಬರುವ ತೆಳು ವೈರ್, 85 ಅರ್ತ್‌ಗೆ. ಐದು ಕಾಲಿನ ಕೆಲವು ರಿಲೇಗಳಲ್ಲಿ 87ಎ ಎಂಬುದೊಂದಿದೆ. ಅದು ಸುರುಳಿಗೆ ಕರೆಂಟ್ ಇಲ್ಲದಾಗ ಸಂಪರ್ಕದಲ್ಲಿರುವ ಕಾಲು. ದೀಪವನ್ನು ಅದಕ್ಕೆ ಸಿಕ್ಕಿಸಿದರೆ ಗಾಡಿ ನಿಂತಾಗಲೂ ಉರಿಯುತ್ತಿರುತ್ತದೆ, 35 ಆಂಪಿಯರ್-ಅವರ್‌ನ ಬ್ಯಾಟರಿ ಬೆಳಗಾಗುವ ಮೊದಲೇ ಖಾಲಿ. ರಿಲೇಯನ್ನು ಕಾಲು ಕೆಳಗಾಗಿ ನಿಲ್ಲಿಸಿ ಬಿಗಿಯಬೇಕು. ಅಂಗಾತ ಮಲಗಿಸಿದರೆ ಮಳೆಗಾಲದಲ್ಲಿ ನೀರು ಒಳಗೆ ನಿಲ್ಲುತ್ತದೆ.

ಫ್ಯೂಸ್ 15 ಆಂಪಿಯರ್‌ನದು, ಎಂದರೆ ನೀಲಿ ಬಣ್ಣದ್ದು. ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸ್ ಕಾಯುವುದು ದೀಪವನ್ನಲ್ಲ, ವೈರನ್ನು. ಬ್ಯಾಟರಿಗೂ ಫ್ಯೂಸ್‌ಗೂ ನಡುವಿನ ತುಂಡಿಗೆ ಯಾವ ರಕ್ಷಣೆಯೂ ಇಲ್ಲ. ಅದು ಎಲ್ಲಾದರೂ ತರೆದು ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಬಾನೆಟ್ ಒಳಗೆ ಬೆಂಕಿ ಹೊತ್ತುತ್ತದೆ. ‘ನೂರು ವ್ಯಾಟ್ ಬಲ್ಬ್ ಹಾಕಿ ಸಾರ್, ಹಗಲಾಗುತ್ತೆ’ ಎನ್ನುವ ಮಾತಿಗೆ ಮರುಳಾಗಿ ಅದೇ ವೈರಿಂಗ್‌ಗೆ ಹಾಕಿಸಿದರೆ ಕರೆಂಟ್ 16 ಆಂಪಿಯರ್ ದಾಟುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆ, ಯಾರೋ 30ರ ಫ್ಯೂಸ್ ಸಿಕ್ಕಿಸುತ್ತಾರೆ. ಆಮೇಲೆ ಕರಗುವುದು ಹೋಲ್ಡರ್.

ರಿಲೇಗೆ ಸೂಚನೆ ಎಲ್ಲಿಂದ ಬರಬೇಕು? ಬ್ಯಾಟರಿಯಿಂದ ನೇರವಾಗಿ ಕೊಡುವುದು ಸುಲಭ, ಹಾಗಾಗಿ ಹಲವರು ಹಾಗೇ ಮಾಡುತ್ತಾರೆ. ಫಲ: ಚಾಲಕ ಡಿಪ್ ಮಾಡಿದರೂ ಈ ದೀಪಗಳು ಎದುರಿನವರ ಕಣ್ಣು ಕುಕ್ಕುತ್ತಲೇ ಇರುತ್ತವೆ. ಸರಿಯಾದ ಕ್ರಮವೆಂದರೆ ಹೈಬೀಮ್ ವೈರಿನಿಂದ ಕವಲು ತೆಗೆದು, ಡ್ಯಾಶ್‌ಬೋರ್ಡಿನ ಸ್ವಿಚ್ ಹಾಯಿಸಿ 86ಕ್ಕೆ ಕೊಡುವುದು. ಆಗ ಹೈಬೀಮ್ ಇದ್ದು ಸ್ವಿಚ್ಚೂ ಆನ್ ಆಗಿದ್ದರೆ ಮಾತ್ರ ದೀಪ. ಡಿಪ್ ಮಾಡಿದೊಡನೆ ತಾನಾಗಿಯೇ ಆರುತ್ತದೆ. ಜಪಾನಿ ಮೂಲದ ಕೆಲವು ಕಾರುಗಳಲ್ಲಿ ಒಂದು ತೊಡಕಿದೆ. ಅವುಗಳ ಹೆಡ್‌ಲೈಟ್ ಸ್ವಿಚ್ ಪಾಸಿಟಿವ್ ಬದಿಯನ್ನಲ್ಲ, ಅರ್ತ್ ಬದಿಯನ್ನು ಕೂಡಿಸಿ ಬಿಡಿಸುತ್ತದೆ. ಅಲ್ಲಿ ಹೈಬೀಮ್ ವೈರನ್ನು 85ಕ್ಕೂ ಇಗ್ನಿಷನ್ ಪಾಸಿಟಿವನ್ನು ಸ್ವಿಚ್ ಮೂಲಕ 86ಕ್ಕೂ ಕೊಡಬೇಕು. ಮಲ್ಟಿಮೀಟರ್ ಹಿಡಿದು ನೋಡದೆ ವೈರಿನ ಬಣ್ಣ ನಂಬಿ ಕತ್ತರಿ ಹಾಕಬಾರದು. ಕಂಪ್ಯೂಟರ್ ಮೂಲಕ ದೀಪ ನಿಯಂತ್ರಿಸುವ ಹೊಸ ಕಾರುಗಳಲ್ಲಂತೂ ಮೂಲ ವೈರ್ ಕತ್ತರಿಸಿದರೆ ವಾರಂಟಿಗೇ ಕುತ್ತು; ಹೆಡ್‌ಲೈಟ್ ಸಾಕೆಟ್ಟಿಗೆ ಸಿಕ್ಕಿಸುವ ಸಿದ್ಧ ಹಾರ್ನೆಸ್ ಬಳಸುವುದು ಕ್ಷೇಮ.

ಕೂಡುಗೆಗಳನ್ನು ಹೆಣೆದು ಟೇಪ್ ಸುತ್ತುವ ಬದಲು ಲಗ್ ಒತ್ತಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಬೇಕು. ಬಾನೆಟ್ ಬಿಸಿಗೆ ಟೇಪಿನ ಅಂಟು ಇಳಿದು ಬಿಚ್ಚಿಕೊಳ್ಳುತ್ತದೆ. ಅರ್ತ್ ಬೋಲ್ಟ್ ಇರುವಲ್ಲಿ ಬಣ್ಣ ಕೆರೆದು, ಹೊಳೆಯುವ ಲೋಹ ಕಂಡ ಮೇಲೆ ಹಲ್ಲಿನ ವಾಷರ್ ಇಟ್ಟು ಬಿಗಿದು, ತುಕ್ಕು ಹಿಡಿಯದಂತೆ ಗ್ರೀಸ್ ಸವರಬೇಕು. ಮಂಕಾಗಿ ಉರಿಯುವ ದೀಪದ ದೋಷ ಬಹುಪಾಲು ಇಲ್ಲೇ ಸಿಗುತ್ತದೆ. ತೆಳು ವೈರ್ ಕಾರಿನೊಳಗೆ ಹೋಗುವ ರಂಧ್ರಕ್ಕೆ ರಬ್ಬರ್ ಗ್ರೊಮೆಟ್ ಬೇಕು.

ಎಲ್‌ಇಡಿ ದೀಪಗಳು ಕರೆಂಟ್ ಕಡಿಮೆ ಎಳೆಯುತ್ತವೆ. 20 ವ್ಯಾಟ್‌ನ ಎರಡಕ್ಕೆ ಮೂರೂವರೆ ಆಂಪಿಯರ್ ಸಾಕು. ಆದರೆ ಲೆನ್ಸ್, ರಿಫ್ಲೆಕ್ಟರ್ ಸರಿಯಿಲ್ಲದ ಅಗ್ಗದ ಎಲ್‌ಇಡಿ ಪಟ್ಟಿಗಳು ಹತ್ತಿರದ ಮರ, ಬೋರ್ಡುಗಳನ್ನು ಬೆಳಗುತ್ತವೆಯೇ ಹೊರತು ದೂರ ತೋರಿಸುವುದಿಲ್ಲ.

ಕೊನೆಗೆ ದೀಪದ ನೇರ ಹೊಂದಿಸುವುದು. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಸಮತಟ್ಟು ನೆಲದಲ್ಲಿ ಗೋಡೆಗೆ 8 ಮೀಟರ್ ದೂರ ಕಾರು ನಿಲ್ಲಿಸಿ, ಗೋಡೆಯ ಮೇಲೆ ದೀಪದ ಮಧ್ಯದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಒಂದು ದೀಪಕ್ಕೆ ಬಟ್ಟೆ ಮುಚ್ಚಿ ಇನ್ನೊಂದನ್ನು ಉರಿಸಿ, ಬೆಳಕಿನ ಗಟ್ಟಿ ಭಾಗ ಗೆರೆಗಿಂತ 4 ಸೆಂ.ಮೀ. ಕೆಳಗೆ ಬರುವಂತೆ ತಿರುಗಿಸಿ ಬಿಗಿಯಬೇಕು. 60 ಸೆಂ.ಮೀ. ಎತ್ತರದಲ್ಲಿರುವ ದೀಪದ ಬೆಳಕು ಆಗ 120 ಮೀಟರ್ ಆಚೆ ನೆಲ ಮುಟ್ಟುತ್ತದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿ ತುಂಬ ಸಾಮಾನು ಇದ್ದರೆ ಚಿಕ್ಕ ಕಾರಿನ ಮೂತಿ ಏಳುತ್ತದೆ, ಬೆಳಕೂ ಏಳುತ್ತದೆ. ಹಾಗೆ ತುಂಬಿಕೊಂಡು ಓಡಾಡುವವರು ಅದೇ ಭಾರ ಹೇರಿಕೊಂಡೇ ನೇರ ಹೊಂದಿಸಿ, ನೂರು ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು.