ಕಡಲೆಯ ಹುಳಿ, ಎರೆಯ ಸುಣ್ಣ

ಬಾಳೆಹೊಸೂರ, ಲಕ್ಷ್ಮೇಶ್ವರಗಳ ಸೀಮೆಯಲ್ಲಿ ಹಿಂಗಾರಿ ಕಡಲೆ ಬೆಳೆದು ನಿಂತಾಗ, ಬೆಳಗಿನ ಹೊತ್ತು ಹೊಲದೊಳಗೆ ನಡೆದವರಿಗೆ ಒಂದು ಅನುಭವ ತಪ್ಪದು. ಕಾಲಿನಲ್ಲಿ ಗೀರುಗಾಯವಿದ್ದರೆ ಅದು ಚುರುಗುಟ್ಟುತ್ತದೆ. ಕುಡಿ ಚಿವುಟಿದ ಬೆರಳನ್ನು ನಾಲಗೆಗೆ ತಾಗಿಸಿದರೆ ಹುಳಿಯಾಗುತ್ತದೆ. ಕಡಲೆಯ ಎಲೆ, ಕಾಂಡ, ಕಾಯಿಗಳ ಮೇಲೆಲ್ಲ ಸೂಕ್ಷ್ಮವಾದ ರೋಮಗಳಿದ್ದು, ಅವುಗಳ ತುದಿಯ ಗ್ರಂಥಿಗಳು ಈ ಹುಳಿಯನ್ನು ಸ್ರವಿಸುತ್ತವೆ. ರಾತ್ರಿ ತೆಳುವಾದ ಬಿಳಿಯ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ಇಬ್ಬನಿಯೊಡನೆ ಅದು ಹೀರಿಕೊಂಡ ರಸವನ್ನು ಬೆಳಗ್ಗೆ ಹಿಂಡಿ ಸೀಸೆಯಲ್ಲಿ ತುಂಬಿಡುವ ಪದ್ಧತಿ ಹಿಂದಿನಿಂದ ಬಂದುದು. ಇದೇ ಕಡಲೆಹುಳಿ, ಅಜೀರ್ಣಕ್ಕೆ ಮನೆಮದ್ದೆಂದು ಹೆಸರಾದುದು. ರಸಾಯನಶಾಸ್ತ್ರಜ್ಞರು ಇದರಲ್ಲಿ ಮುಖ್ಯವಾಗಿ ಮ್ಯಾಲಿಕ್ ಆಮ್ಲವನ್ನೂ, ಅದರೊಡನೆ ಸ್ವಲ್ಪ ಆಕ್ಸಾಲಿಕ್ ಆಮ್ಲವನ್ನೂ ಕಂಡಿದ್ದಾರೆ. ಮ್ಯಾಲಿಕ್ ಆಮ್ಲವೆಂದರೆ ಸೇಬಿನ ಹಣ್ಣಿಗೆ ಹುಳಿರುಚಿ ಕೊಡುವ ವಸ್ತುವೇ.

ಈಗ ಅದೇ ಹೊಲದ ನೆಲವನ್ನು ನೋಡೋಣ. ಎರೆಮಣ್ಣನ್ನು ಕೆದಕಿದರೆ ಅಲ್ಲಲ್ಲಿ ಕಡಲೆಕಾಳಿನಷ್ಟು, ನೆಲ್ಲಿಕಾಯಿಯಷ್ಟು ಗಾತ್ರದ ಬಿಳಿಯ ಸುಣ್ಣದ ಹರಳುಗಳು ಸಿಕ್ಕುತ್ತವೆ. ಒಂದು ಹರಳಿನ ಮೇಲೆ ಕಡಲೆಹುಳಿಯನ್ನಾಗಲಿ, ನಿಂಬೆಯ ರಸವನ್ನಾಗಲಿ ತೊಟ್ಟಿಕ್ಕಿಸಿದರೆ ಸಣ್ಣ ಗುಳ್ಳೆಗಳು ಏಳುವುದನ್ನು ಕಾಣಬಹುದು. ಗಿಡದ ಮೈಮೇಲೆ ಆಮ್ಲ, ಅದರ ಬೇರಿನ ಬಳಿ ಕ್ಷಾರಗುಣದ ಮಣ್ಣು! ಇವೆರಡೂ ಸಂಧಿಸಿದಾಗ ಏನು ನಡೆಯುತ್ತದೆ ಎಂಬುದೇ ಈ ಲೇಖನದ ವಿಷಯ.

ಆಮ್ಲ, ಕ್ಷಾರಗಳನ್ನು ಗುರುತಿಸುವ ಉಪಾಯ ನಮ್ಮ ಮನೆಗಳಲ್ಲಿ ಬಹುಕಾಲದಿಂದಲೂ ಇದೆ. ಮದುವೆ, ಸೀಮಂತಗಳಲ್ಲಿ ಆರತಿಗೆ ಓಕುಳಿಯನ್ನು ಕಲಸುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೀಳುತ್ತಲೂ ಹಳದಿಯು ಕೆಂಪಾಗುತ್ತದೆ. ಆ ಕೆಂಪು ನೀರಿಗೆ ನಿಂಬೆಹಣ್ಣನ್ನು ಹಿಂಡಿದರೆ ಮತ್ತೆ ಹಳದಿ. ಪ್ರಯೋಗಶಾಲೆಯ ಲಿಟ್ಮಸ್ ಕಾಗದ ಮಾಡುವ ಕೆಲಸವೂ ಇಂಥದೇ. ಆದರೆ ಅರಿಶಿನವು ಸೌಮ್ಯವಾದ ಕ್ಷಾರಕ್ಕೆ ಸುಲಭವಾಗಿ ಬಣ್ಣ ಬದಲಿಸುವುದಿಲ್ಲ ಎಂಬ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನವಿದೆ.

ಈ ಬಣ್ಣದಾಟದ ಹಿಂದಿರುವ ಕಾರಣವನ್ನು ಮೊದಲು ಬಿಡಿಸಿದವನು ಸ್ವೀಡನ್ನಿನ ಅರ್ಹೀನಿಯಸ್. 1884ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಆರಂಭಿಸಿದ ವಿಚಾರವನ್ನು ಬೆಳೆಸಿ, ಆಮ್ಲಗಳು ನೀರಿನಲ್ಲಿ ಧನವಿದ್ಯುತ್ತುಳ್ಳ ಜಲಜನಕದ ಅಯಾನುಗಳನ್ನು ಬಿಡುತ್ತವೆಂದೂ, ಕ್ಷಾರಗಳು ಋಣವಿದ್ಯುತ್ತುಳ್ಳ ಹೈಡ್ರಾಕ್ಸಿಲ್ ಅಯಾನುಗಳನ್ನು ಬಿಡುತ್ತವೆಂದೂ ಅವನು ತಿಳಿಸಿದನು. ಇವೆರಡು ಅಯಾನುಗಳು ಕೂಡಿದರೆ ಹುಟ್ಟುವುದು ನೀರು. ಉಳಿದ ಭಾಗಗಳು ದ್ರಾವಣದಲ್ಲಿ ಲವಣವಾಗಿ ನಿಲ್ಲುತ್ತವೆ. ಇದೇ ತಟಸ್ಥೀಕರಣ.

ಇದಕ್ಕೆ ಸಾಕ್ಷಿಯೇನು ಎಂದು ಕೇಳುವ ವಿದ್ಯಾರ್ಥಿ ನಮಗೆ ಪ್ರಿಯನು. ಭೌತಶಾಸ್ತ್ರದವರಾದ ನಮಗೆ ಅತ್ಯಂತ ಒಪ್ಪುವ ಸಾಕ್ಷಿಯು ಉಷ್ಣಮಾಪಕದ್ದು. ಹೈಡ್ರೋಕ್ಲೋರಿಕ್ ಆಮ್ಲವನ್ನು ಕಾಸ್ಟಿಕ್ ಸೋಡದೊಡನೆ ಬೆರೆಸಿರಿ. ಬೇರೊಂದು ಪಾತ್ರೆಯಲ್ಲಿ ನೈಟ್ರಿಕ್ ಆಮ್ಲವನ್ನು ಕಾಸ್ಟಿಕ್ ಪೊಟ್ಯಾಷಿನೊಡನೆ ಬೆರೆಸಿರಿ. ವಸ್ತುಗಳು ಬೇರೆ, ಹುಟ್ಟುವ ಲವಣಗಳು ಬೇರೆ. ಆದರೂ ಒಂದೊಂದು ಮೋಲ್ ನೀರು ಹುಟ್ಟುವಾಗ ಹೊರಬೀಳುವ ಶಾಖ ಎರಡರಲ್ಲಿಯೂ ಸುಮಾರು 57 ಕಿಲೋಜೌಲ್. ಲೀಟರಿಗೆ ಒಂದು ಮೋಲ್‌ನಂತೆ ಇರುವ ದ್ರಾವಣಗಳನ್ನು ಒಂದೊಂದು ಲೀಟರು ಬೆರೆಸಿದರೆ ಎರಡು ಲೀಟರು ಮಿಶ್ರಣದ ಬಿಸಿ ಹತ್ತಿರಹತ್ತಿರ 7 ಡಿಗ್ರಿ ಏರುತ್ತದೆ. ಯಾವ ಪ್ರಬಲ ಆಮ್ಲ, ಯಾವ ಪ್ರಬಲ ಕ್ಷಾರವಾದರೂ ನಡೆಯುವ ಕ್ರಿಯೆ ಒಂದೇ ಆಗಿದ್ದಲ್ಲದೆ ಶಾಖವು ಹೀಗೆ ಒಂದೇ ಆಗಲು ಸಾಧ್ಯವಿಲ್ಲವಷ್ಟೆ. ದುರ್ಬಲ ಆಮ್ಲಗಳಲ್ಲಿ ಶಾಖ ಸಾಮಾನ್ಯವಾಗಿ ಕೊಂಚ ಕಡಿಮೆ. ಏಕೆಂದರೆ ಅವು ಜಲಜನಕವನ್ನು ಬಿಗಿಯಾಗಿ ಹಿಡಿದಿರುತ್ತವೆ, ಅದನ್ನು ಬಿಡಿಸಿಕೊಳ್ಳಲು ಒಂದಷ್ಟು ಶಕ್ತಿ ವ್ಯಯವಾಗುತ್ತದೆ.

ಎರೆಯ ಹರಳು ಕ್ಯಾಲ್ಸಿಯಂ ಕಾರ್ಬೊನೇಟು. ಎಲೆಯಡಿಕೆಯ ಸುಣ್ಣದಂತೆ ಅದರಲ್ಲಿ ಹೈಡ್ರಾಕ್ಸಿಲ್ ಇಲ್ಲ. ಆದರೆ ನೀರಿನಲ್ಲಿ ಎಳ್ಳಷ್ಟು ಕರಗಿದ ಕಾರ್ಬೊನೇಟು ನೀರಿನಿಂದಲೇ ಜಲಜನಕದ ಅಯಾನನ್ನು ಕಸಿದುಕೊಂಡು ಹೈಡ್ರಾಕ್ಸಿಲನ್ನು ಉಳಿಸುತ್ತದೆ. ಆಮ್ಲ ಬಿದ್ದಾಗ ಅದೇ ಕಾರ್ಬೊನೇಟು ನೀರಾಗಿಯೂ ಇಂಗಾಲಾಮ್ಲ ವಾಯುವಾಗಿಯೂ ಒಡೆಯುತ್ತದೆ. ನಾವು ಕಂಡ ಗುಳ್ಳೆ ಈ ವಾಯುವೇ.

ಆಮ್ಲ, ಕ್ಷಾರಗುಣಗಳನ್ನು ಅಳೆಯಲು ಡೆನ್ಮಾರ್ಕಿನ ಸೋರೆನ್‌ಸನ್ 1909ರಲ್ಲಿ ಪಿಎಚ್ ಎಂಬ ಮಾನವನ್ನು ತಂದನು. 7 ಎಂದರೆ ತಟಸ್ಥ. ಕೆಳಗಿಳಿದಂತೆ ಆಮ್ಲ, ಮೇಲೇರಿದಂತೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. ಸುಣ್ಣದ ಹರಳುಳ್ಳ ಎರೆಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುತ್ತದೆ.

ಇಲ್ಲಿ ಪಠ್ಯಪುಸ್ತಕಗಳ ಒಂದು ವಾಕ್ಯದ ಬಗ್ಗೆ ಎಚ್ಚರಿಕೆ ಹೇಳಬೇಕಾಗಿದೆ. ಮಣ್ಣು ಹುಳಿಯಾದರೆ ಸುಣ್ಣ ಹಾಕಬೇಕೆಂದು ತಟಸ್ಥೀಕರಣಕ್ಕೆ ಉದಾಹರಣೆ ಕೊಡುವುದು ವಾಡಿಕೆ. ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟಗಳಿಗೆ ಇದು ಸರಿ. ಅಲ್ಲಿನ ಜಡಿಮಳೆ ನೆಲದ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಕಾಣುವ ಗದಗದ ಸೀಮೆಯಲ್ಲಿ ಸುಣ್ಣವು ನೆಲದಲ್ಲಿಯೇ ಉಳಿದು ಹರಳುಗಟ್ಟುತ್ತದೆ. ಇಂಥ ಮಣ್ಣಿನಲ್ಲಿ ಕಬ್ಬಿಣ, ಸತುವುಗಳು ಬೇರಿಗೆ ದಕ್ಕದೆ ಎಲೆ ಹಳದಿಯಾಗುವುದುಂಟು. ಪುಸ್ತಕವನ್ನು ನಂಬಿ ಇಲ್ಲಿಯೂ ಸುಣ್ಣ ಚೆಲ್ಲಿದರೆ ಹಣವೂ ಹೋಯಿತು, ಬೆಳೆಗೂ ಕೇಡು.

ಹಾಗಾದರೆ ಆಮ್ಲವನ್ನು ಹಾಕಿದರಾಯಿತಲ್ಲ ಎಂದು ಜಾಣ ಹುಡುಗನೊಬ್ಬ ಕೇಳಿಯಾನು. ಲೆಕ್ಕ ಮಾಡಿ ನೋಡೋಣ. ಒಂದು ಎಕರೆಯಲ್ಲಿ 15 ಸೆಂಟಿಮೀಟರು ಆಳದ ಮಣ್ಣಿನ ತೂಕ ಸುಮಾರು 800 ಟನ್ನು. ಅದರಲ್ಲಿ ನೂರಕ್ಕೆ ಐದರಷ್ಟು ಸುಣ್ಣಕಲ್ಲಿದ್ದರೆ 40 ಟನ್ನಾಯಿತು. ಅದನ್ನು ಪೂರ್ತಿ ಕರಗಿಸಲು ಬೇಕಾದ ಗಂಧಕಾಮ್ಲ 39 ಟನ್ನಿಗೂ ಹೆಚ್ಚು! ಅಷ್ಟು ಸುಣ್ಣ ತೀರುವವರೆಗೂ ಪಿಎಚ್ ತನ್ನ ಜಾಗಕ್ಕೇ ಮರಳುತ್ತಿರುತ್ತದೆ. ಕಡಲೆಯ ಎಲೆಯಿಂದ ಉದುರುವ ಹುಳಿ ಆ ನೆಲದಲ್ಲಿ ಹೇಳಹೆಸರಿಲ್ಲದೆ ಹೋಗುವುದು ಇದರಿಂದಲೇ. ಸುಣ್ಣದ ನೆಲದ ಜೊತೆಗೆ ಹೊಂದಿಕೊಂಡು ಬಾಳುವುದೇ ಲೇಸು; ಕಡಲೆ, ಬಿಳಿಜೋಳ, ಹತ್ತಿಗಳು ಹಾಗೆ ಬಾಳುತ್ತಲೇ ಇವೆ.

ನಿಜವಾಗಿ ಭಯಪಡಬೇಕಾದುದು ಸುಣ್ಣಕ್ಕಲ್ಲ, ಸೋಡಿಯಮ್ಮಿಗೆ. ಮಲಪ್ರಭಾ, ತುಂಗಭದ್ರಾ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಕೆಲವು ಎರೆಹೊಲಗಳು ನೀರು ಹೆಚ್ಚಾಗಿ, ಬಸಿಯಲು ದಾರಿಯಿಲ್ಲದೆ ಸವುಳಾಗಿವೆ. ನೆಲದಡಿಯ ನೀರು ಮೇಲೇರಿ ಆರಿದಾಗ ಲವಣಗಳು ಉಳಿಯುತ್ತವೆ. ಅವುಗಳಲ್ಲಿ ಸೋಡಿಯಂ ಕಾರ್ಬೊನೇಟು ಸೇರಿದರೆ ಪಿಎಚ್ 8.5ನ್ನು ದಾಟಿ 10ರವರೆಗೂ ಏರಬಲ್ಲದು. ಇಂಥ ಮಣ್ಣನ್ನು ಶುದ್ಧನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು ಅರಿಶಿನವನ್ನು ಹಾಕಿದರೆ ಅದು ಕೆಂಪಾದೀತು; ಸಾಮಾನ್ಯ ಎರೆಯ ತಿಳಿ ಅಷ್ಟು ಮಾಡಲಾರದು. ಜೇಡಿಯ ಕಣಗಳಿಗೆ ಸೋಡಿಯಂ ಅಂಟಿದಾಗ ಅವು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗುವುದಿಲ್ಲ, ಬೇರಿಗೆ ಉಸಿರಿಲ್ಲ.

ಇದಕ್ಕೆ ಮದ್ದು ಜಿಪ್ಸಮ್. ಅದು ಆಮ್ಲವಲ್ಲ, ಒಂದು ಲವಣ. ಆದರೆ ಅದರ ಕ್ಯಾಲ್ಸಿಯಂ, ಸೋಡಿಯಂ ಕಾರ್ಬೊನೇಟಿನ ಕಾರ್ಬೊನೇಟನ್ನು ಸುಣ್ಣಕಲ್ಲಾಗಿ ಕಟ್ಟಿಹಾಕುತ್ತದೆ. ಜೇಡಿಯ ಮೇಲಿನ ಸೋಡಿಯಮ್ಮನ್ನು ಎಬ್ಬಿಸಿ ತಾನು ಕುಳಿತುಕೊಳ್ಳುತ್ತದೆ. ಸುಣ್ಣವಿರುವ ನೆಲಕ್ಕೆ ಗಂಧಕವನ್ನು ಹಾಕುವುದೂ ಉಂಟು. ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ಆಮ್ಲವಾಗಿಸುತ್ತವೆ, ಆ ಆಮ್ಲವು ನೆಲದ ಸುಣ್ಣದೊಡನೆ ಕೂಡಿ ಅಲ್ಲಿಯೇ ಜಿಪ್ಸಮ್ ಆಗುತ್ತದೆ. ಎರಡರಲ್ಲಿಯೂ ಕೊನೆಗೆ ಉಳಿಯುವ ಸೋಡಿಯಂ ಸಲ್ಫೇಟು ನೀರಿನಲ್ಲಿ ಕರಗಿ ಹೊಲದಿಂದ ಹೊರಗೆ ಹರಿದುಹೋಗಬೇಕು. ಆದ್ದರಿಂದ ಸವುಳು ಹೊಲದಲ್ಲಿ ಜಿಪ್ಸಮ್ಮಿನ ಚೀಲಗಳಿಗಿಂತ ಮೊದಲು ಬರಬೇಕಾದುದು ಬಸಿಗಾಲುವೆ.